ಇಂಜೆಕ್ಷನ್ ಬಿಚ್ಚಿ ಕಾರ್ಬೊರೇಟರ್ ಕೂರಿಸುವುದು: ಬೆಳಗಾವಿಯ ಗಾಳಿಗೆ, ಇವತ್ತಿನ ಪೆಟ್ರೋಲ್‌ಗೆ ಒಂದು ಟಿಆರ್6

ನನ್ನ ಟ್ರಯಂಫ್ ಟಿಆರ್6 ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು 1973ರದ್ದು. 2498 ಸಿಸಿ, ಒಂದೇ ಸಾಲಿನಲ್ಲಿ ಆರು ಸಿಲಿಂಡರ್. ಕಾರ್ಖಾನೆಯಿಂದ ಬಂದಾಗ ಅದಕ್ಕೆ ಲ್ಯೂಕಸ್ ಮೆಕ್ಯಾನಿಕಲ್ ಪೆಟ್ರೋಲ್ ಇಂಜೆಕ್ಷನ್ ಇತ್ತು. ಈಗ ಎಸ್‌ಯು ಎಂಬ ಹೆಸರಿನ ಜೋಡಿ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇವೆ. ಶ್ರಾವಣದಲ್ಲಿ ಬಿಚ್ಚಲು ಶುರು ಮಾಡಿದೆ, ಖಂಡೇ ಪೂಜೆಗೆ ಗಾಡಿ ರಸ್ತೆಗೆ ಬಂತು. ಬೆಳಗಾವಿಯ ಮಳೆಗಾಲ ಇಂಥ ಕೆಲಸಕ್ಕೆ ಒಳ್ಳೆಯದು. ಹೇಗೂ ಇಂಥ ಗಾಡಿಯನ್ನು ಆ ಮಳೆಯಲ್ಲಿ ಹೊರಗೆ ತೆಗೆಯುವುದಿಲ್ಲ.

ಈ ಕೆಲಸದ ಬಗ್ಗೆ ಸಿಗುವ ಪುಸ್ತಕಗಳೆಲ್ಲ ಇಂಗ್ಲೆಂಡಿನ ತಂಪಿಗೆ, ಅಲ್ಲಿನ ಹಳೆಯ ಪೆಟ್ರೋಲ್‌ಗೆ ಬರೆದವು. ಬೋಲ್ಟ್ ಬಿಚ್ಚುವ ವಿಷಯದಲ್ಲಿ ಅವು ಸರಿ. ಆದರೆ ಸೆಟ್ಟಿಂಗ್ ವಿಷಯಕ್ಕೆ ಬಂದರೆ ನಮಗೆ ಹೊಂದುವುದಿಲ್ಲ. ನಾವು ಸಮುದ್ರ ಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದ್ದೇವೆ. ಬಂಕಿನಲ್ಲಿ ಹಾಕುವುದು ಶೇ. 20ರವರೆಗೆ ಎಥನಾಲ್ ಬೆರೆತ ಇ20 ಪೆಟ್ರೋಲ್. ಒಂದೂವರೆ ತಾಸು ಘಾಟ್ ಇಳಿದರೆ ಗೋವಾದ ಸಮುದ್ರ ಮಟ್ಟ. ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಗಾಡಿ ಚೆನ್ನಾಗಿ ಓಡುತ್ತದೆ. ಹಾಗಾಗಿ ಬಿಚ್ಚುವುದನ್ನು ಬೇಗ ಮುಗಿಸಿ, ಟ್ಯೂನಿಂಗ್ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಮೊದಲು: ನಿಜವಾಗಿಯೂ ಬೇಕಾ?

ಇಂಜೆಕ್ಷನ್ ಚೆನ್ನಾಗಿ ನಡೆಯುತ್ತಿದ್ದರೆ ಮುಟ್ಟಬೇಡಿ. ಅದು ಈ ಕಾರಿನ ಹೆಮ್ಮೆ. 1967ರಲ್ಲಿ ಬಂದ ಟಿಆರ್5, ಪೆಟ್ರೋಲ್ ಇಂಜೆಕ್ಷನ್ ಇಟ್ಟುಕೊಂಡು ಸಾಲಾಗಿ ತಯಾರಾದ ಮೊದಲ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಸಾಲಿಗೆ ಸೇರುತ್ತದೆ. ಟಿಆರ್6 ಅದರ ಮುಂದಿನ ಕೊಂಡಿ.

ಅದು ಕೆಲಸ ಮಾಡುವ ಬಗೆ ಹೀಗೆ. ಡಿಕ್ಕಿಯಲ್ಲಿರುವ ಎಲೆಕ್ಟ್ರಿಕ್ ಪಂಪ್ ಪೆಟ್ರೋಲನ್ನು 100 ಪಿಎಸ್‌ಐಗೂ ಮೇಲಿನ ಒತ್ತಡದಲ್ಲಿ ಎಂಜಿನ್ ಪಕ್ಕದ ಮೀಟರಿಂಗ್ ಯೂನಿಟ್‌ಗೆ ತಳ್ಳುತ್ತದೆ. ಆ ಯೂನಿಟ್ ಎಂಜಿನ್ ಜೊತೆಗೇ ತಿರುಗುತ್ತ, ಆರೂ ಇಂಜೆಕ್ಟರ್‌ಗಳಿಗೆ ಸರದಿಯ ಪ್ರಕಾರ ಪೆಟ್ರೋಲ್ ಹಂಚುತ್ತದೆ. ಟ್ರ್ಯಾಕ್ಟರ್ ಡೀಸೆಲ್ ಪಂಪ್ ನೋಡಿದವರಿಗೆ ಇದು ಅದರ ಚಿಕ್ಕಪ್ಪನ ಮಗನ ಹಾಗೆ ಕಾಣುತ್ತದೆ. ಎಷ್ಟು ಪೆಟ್ರೋಲ್ ಎಂಬುದನ್ನು ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಕೊಳವೆಯ) ವ್ಯಾಕ್ಯೂಮ್ ನೋಡಿ ಒಂದು ಡಯಾಫ್ರಮ್ ಮತ್ತು ಕೆಲವು ಸ್ಪ್ರಿಂಗ್‌ಗಳು ತೀರ್ಮಾನಿಸುತ್ತವೆ.

ತೊಂದರೆ ಇರುವುದು ಇಲ್ಲೇ. ಆ ಸ್ಪ್ರಿಂಗ್‌ಗಳನ್ನು ಹೊಂದಿಸಿರುವುದು ಎಥನಾಲ್ ಇಲ್ಲದ ಪೆಟ್ರೋಲ್‌ಗೆ. ಇ20 ಹಾಕಿದರೆ ಎಂಜಿನ್ ಲೀನ್ ಆಗುತ್ತದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಸರಿಪಡಿಸಬೇಕಾದರೆ ಯೂನಿಟ್ ಬಿಚ್ಚಿ, ಅದಕ್ಕೇ ಆದ ಬೆಂಚ್ ಮೇಲೆ ಕೂರಿಸಿ, ಮತ್ತೆ ಹೊಂದಿಸಬೇಕು. ಮಿಶ್ರಣ ಬದಲಿಸಬೇಕೆಂದಾಗಲೆಲ್ಲ ಆ ಯೂನಿಟ್ಟನ್ನು ಪರದೇಶಕ್ಕೆ ಪಾರ್ಸಲ್ ಮಾಡುತ್ತ ಕೂರಲು ಆಗುವುದಿಲ್ಲ. ಎಸ್‌ಯುನಲ್ಲಾದರೆ ಪೆಟ್ರೋಲ್ ಎಷ್ಟು ಬಿಡಬೇಕೆಂದು ತೀರ್ಮಾನಿಸುವ ಸೂಜಿ ಬದಲಿಸಿದರೆ ಆಯಿತು. ಹತ್ತು ನಿಮಿಷದ ಕೆಲಸ. ನಾನು ಬದಲಿಸಿದ್ದು ಈ ಕಾರಣಕ್ಕೆ.

ಇದೇ ಎಂಜಿನ್ನಿಗೆ ಕಾರ್ಬೊರೇಟರ್ ಕೂರಿಸುವುದು ಹೊಸ ಪ್ರಯೋಗವೂ ಅಲ್ಲ. ಅಮೆರಿಕಕ್ಕೆ ಹೋದ ಟಿಆರ್250 (ಟಿಆರ್5ರ ಅಮೆರಿಕದ ರೂಪ) ಮತ್ತು ಟಿಆರ್6ಗಳಿಗೆ ಕಾರ್ಖಾನೆಯೇ ಜೋಡಿ ಸ್ಟ್ರಾಂಬರ್ಗ್ ಕಾರ್ಬೊರೇಟರ್ ಹಾಕಿ ಕಳಿಸಿತ್ತು. ಆ ಮ್ಯಾನಿಫೋಲ್ಡ್ ಈಗಲೂ ಸಿಗುತ್ತದೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರದ ನಂಬರ್ ಸಿಗುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು ಎಂಬ ಷರತ್ತಿದೆ. ಆದ್ದರಿಂದ ಕೈ ಹಚ್ಚುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ಮಾಡುವ ಕೆಲಸವೂ ವಾಪಸ್ ತಿರುಗಿಸುವ ಹಾಗಿರಬೇಕು. ಏನನ್ನೂ ಕತ್ತರಿಸಬಾರದು, ಹೊಸ ತೂತು ಕೊರೆಯಬಾರದು, ಹಳೆಯ ಒಂದು ವಾಷರ್ ಕೂಡ ಎಸೆಯಬಾರದು. ನಾಳೆ ನಿಮ್ಮ ಮಗಳೋ ಮೊಮ್ಮಗನೋ ಇಂಜೆಕ್ಷನ್ ಮತ್ತೆ ಹಾಕಬೇಕೆಂದರೆ ಒಂದು ಭಾನುವಾರದಲ್ಲಿ ಆಗಬೇಕು.

ಯಾವ ಕಾರ್ಬೊರೇಟರ್?

ಎರಡು ದಾರಿಗಳಿವೆ. ಮೂರು ವೆಬರ್ 40 ಡಿಸಿಒಇ, ಅಥವಾ ಜೋಡಿ ಎಸ್‌ಯು ಎಚ್‌ಎಸ್6. ಎಚ್‌ಎಸ್6 ಅಂದರೆ ಒಂದೂಮುಕ್ಕಾಲು ಇಂಚಿನ ಬಾಯಿ.

ವೆಬರ್ ಶಬ್ದ ಕೇಳಿದರೆ ಮನಸ್ಸು ಜಾರುತ್ತದೆ, ನಿಜ. ಪ್ರತಿ ಸಿಲಿಂಡರ್‌ಗೂ ಅದರದೇ ಬಾಯಿ, ಮೇಲಿನ ಆರ್‌ಪಿಎಂನಲ್ಲಿ ಒಳ್ಳೆಯ ಶಕ್ತಿ. ಆದರೆ ಚೋಕ್ (ಇಲ್ಲಿ ಗಾಳಿ ಹಾಯುವ ಇಕ್ಕಟ್ಟಾದ ಕೊಳವೆ), ಮೇನ್ ಜೆಟ್, ಏರ್ ಕರೆಕ್ಟರ್, ಎಮಲ್ಷನ್ ಟ್ಯೂಬ್, ಐಡಲ್ ಜೆಟ್ ಎಂದು ಆರು ಸಿಲಿಂಡರ್‌ಗೆ ಆರು ಜೊತೆ ಬೇಕು. ಚೋಕಿನ ಅಳತೆಯನ್ನು ನಾಲ್ಕರಿಂದ ಗುಣಿಸಿದರೆ ಮೇನ್ ಜೆಟ್, ಅದಕ್ಕೆ 50 ಕೂಡಿಸಿದರೆ ಏರ್ ಕರೆಕ್ಟರ್ ಎಂಬುದು ಹಳೆಯ ಲೆಕ್ಕ. 32 ಮಿಮೀ ಚೋಕ್ ಆದರೆ ಮೇನ್ 130ರ ಹತ್ತಿರ, ಏರ್ 180. ಅದು ಶುರು ಮಾಡುವುದಕ್ಕೆ ಮಾತ್ರ. ಅಲ್ಲಿಂದ ಮುಂದೆ ಒಂದೊಂದು ಪ್ರಯೋಗಕ್ಕೂ ಒಂದೊಂದು ಪಾರ್ಸಲ್ ಕಾಯಬೇಕು.

ನಾನು ಎಸ್‌ಯು ಆರಿಸಿದೆ. ನಮ್ಮ ಅಂಬಾಸಡರ್‌ಗೆ ಇದ್ದದ್ದೂ ಎಸ್‌ಯು. ಅಳತೆ ಚಿಕ್ಕದು, ಒಳಗಿನ ಲೆಕ್ಕ ಒಂದೇ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಯಾವುದೇ ಹಳೆಯ ಗ್ಯಾರೇಜಿನಲ್ಲಿ 60 ದಾಟಿದ ಒಬ್ಬ ಮಿಸ್ತ್ರಿ ಇದ್ದರೆ, ಅವರ ಕೈಗೆ ಇದು ಗೊತ್ತಿದೆ. ಅವರ ಕೈಯ ನೆನಪು ಪುಸ್ತಕಕ್ಕಿಂತ ದೊಡ್ಡದು.

ಒಂದು ಎಚ್ಚರಿಕೆ. ಟಿಆರ್6ರ ಕಮಿಷನ್ ನಂಬರ್ (ಕಾರ್ಖಾನೆ ಹಾಕಿದ ಗಾಡಿಯ ಸಂಖ್ಯೆ) 'ಸಿಪಿ' ಎಂದು ಶುರುವಾದರೆ ಅದು 1972ರವರೆಗಿನ 150 ಹಾರ್ಸ್‌ಪವರ್ ಗಾಡಿ. ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ) ಜೋರು. ಆ ಕ್ಯಾಮ್‌ಗೆ ಐಡಲ್‌ನಲ್ಲಿ ವ್ಯಾಕ್ಯೂಮ್ ಕಡಿಮೆ, ಮೂರು ಮೂರು ಸಿಲಿಂಡರ್ ಒಂದೊಂದು ಎಸ್‌ಯು ಹಂಚಿಕೊಂಡಾಗ ಐಡಲ್ ಒರಟಾಗುತ್ತದೆ. ಅಂಥ ಗಾಡಿಗೆ ವೆಬರ್ ಹೆಚ್ಚು ಹೊಂದುತ್ತದೆ. 'ಸಿಆರ್' ಆದರೆ ಕ್ಯಾಮ್ ಮೆತ್ತಗಿನದು, ಎಸ್‌ಯು ಸುಖವಾಗಿ ಕೆಲಸ ಮಾಡುತ್ತದೆ. ನನ್ನದು ಸಿಆರ್.

ಬಿಚ್ಚುವ ಮೊದಲು ಎಂಜಿನ್ ತಪಾಸಣೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಇಂಜೆಕ್ಷನ್ ಮೇಲೆ ಹೊರಿಸುವ ಎಷ್ಟೋ ತಪ್ಪುಗಳು ಇಗ್ನಿಷನ್ನಿನವು. ಕಂಪ್ರೆಷನ್ ಅಳೆಯಿರಿ. ಆರೂ ಸಿಲಿಂಡರ್ ಹತ್ತಿರ ಹತ್ತಿರ ಇರಬೇಕು. ವಾಲ್ವ್ ಗ್ಯಾಪ್ ತಣ್ಣಗಿರುವಾಗ 0.25 ಮಿಮೀ, ಪಾಯಿಂಟ್ ಗ್ಯಾಪ್ 0.38 ಮಿಮೀ, ಪ್ಲಗ್ ಗ್ಯಾಪ್ 0.64 ಮಿಮೀ. ಫೈರಿಂಗ್ ಆರ್ಡರ್ 1-5-3-6-2-4. ಇವು ಸರಿ ಇಲ್ಲದ ಎಂಜಿನ್ ಮೇಲೆ ಕಾರ್ಬೊರೇಟರ್ ಟ್ಯೂನ್ ಮಾಡುವುದು ವ್ಯರ್ಥ.

ಬಿಚ್ಚುವುದು

ಬ್ಯಾಟರಿ ಕನೆಕ್ಷನ್ ತೆಗೆಯಿರಿ. ಕೈಗೆ ಸಿಗುವ ಜಾಗದಲ್ಲಿ ಪೌಡರ್ ಫೈರ್ ಎಕ್ಸ್‌ಟಿಂಗ್ವಿಷರ್ ಇರಲಿ. ಗ್ಯಾರೇಜಿನ ಬಾಗಿಲು ತೆರೆದಿರಲಿ. ಗಾಡಿ ನಿಲ್ಲಿಸಿ ಎಷ್ಟೋ ಹೊತ್ತಾದರೂ ಪೈಪಿನಲ್ಲಿ ಒತ್ತಡ ಉಳಿದಿರಬಹುದು. ಮೊದಲ ಯೂನಿಯನ್ ಸಡಿಲಿಸುವಾಗ ದಪ್ಪ ಬಟ್ಟೆ ಸುತ್ತಿ, ಕನ್ನಡಕ ಹಾಕಿ, ಕಾಲು ಸುತ್ತು ಮಾತ್ರ ತಿರುಗಿಸಿ ಕಾಯಿರಿ. ಆ ಒತ್ತಡದಲ್ಲಿ ಚಿಮ್ಮುವ ಪೆಟ್ರೋಲ್ ಕಣ್ಣಿಗೆ ಬಿದ್ದರೆ ಆಸ್ಪತ್ರೆಯೇ ಗತಿ.

ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ. ಆರು ಇಂಜೆಕ್ಟರ್, ಅವುಗಳ ಪೈಪ್‌ಗಳಿಗೆ 1ರಿಂದ 6 ನಂಬರ್ ಕಟ್ಟಿ. ಗಾಳಿ ಡಬ್ಬಿ, ಥ್ರಾಟಲ್ ಬಾಡಿ ಸಮೇತ ಇನ್‌ಲೆಟ್ ಮ್ಯಾನಿಫೋಲ್ಡ್‌ಗಳು, ಮೀಟರಿಂಗ್ ಯೂನಿಟ್, ಡಿಕ್ಕಿಯ ಪಂಪ್, ಫಿಲ್ಟರ್, ಪ್ರೆಷರ್ ರಿಲೀಫ್ ವಾಲ್ವ್, ಈ ಕ್ರಮದಲ್ಲಿ ತೆಗೆದೆ. ಇಂಜೆಕ್ಟರ್‌ಗಳು ಕೂತಿರುವುದು ಮ್ಯಾನಿಫೋಲ್ಡ್‌ನಲ್ಲಿ, ಹೆಡ್‌ನಲ್ಲಿ ಅಲ್ಲ. ಹಾಗಾಗಿ ಹೆಡ್‌ನಲ್ಲಿ ಮುಚ್ಚಬೇಕಾದ ತೂತು ಉಳಿಯುವುದಿಲ್ಲ. ನಮ್ಮ ಅದೃಷ್ಟ.

ಮುಚ್ಚಬೇಕಾದದ್ದು ಬೇರೆ ಕಡೆ ಇದೆ. ಮೀಟರಿಂಗ್ ಯೂನಿಟ್ ಡಿಸ್ಟ್ರಿಬ್ಯೂಟರ್ ಪೆಡೆಸ್ಟಲ್‌ನ ಪಕ್ಕಕ್ಕೆ ಕೂತು, ಅಲ್ಲಿಂದಲೇ ಚಲನೆ ಪಡೆಯುತ್ತದೆ. ಅದನ್ನು ತೆಗೆದ ಮೇಲೆ ಉಳಿಯುವ ಬಾಯಿ ಮುಚ್ಚದಿದ್ದರೆ ಎಂಜಿನ್ ಆಯಿಲ್ ಹೊರಗೆ ಬರುತ್ತದೆ. ಉದ್ಯಮಬಾಗದಲ್ಲಿ ಲೇಥ್ ಕೆಲಸ ಮಾಡುವವರ ಬಳಿ ಹಳೆಯ ಗ್ಯಾಸ್ಕೆಟ್ಟನ್ನೇ ಅಳತೆಗೆ ಕೊಟ್ಟು 6 ಮಿಮೀ ಅಲ್ಯೂಮಿನಿಯಂ ಪ್ಲೇಟ್ ಮಾಡಿಸಿದೆ. ಫೌಂಡ್ರಿ, ಮಷೀನ್ ಶಾಪ್‌ಗಳ ಊರಿನಲ್ಲಿ ಇರುವುದರ ದೊಡ್ಡ ಲಾಭ ಇದು. ಪರದೇಶದಿಂದ ತರಿಸಬೇಕಾದ ತುಂಡು ಇಲ್ಲಿ ಮಧ್ಯಾಹ್ನದ ಊಟದೊಳಗೆ ಕೈಗೆ ಬರುತ್ತದೆ. ಡಿಸ್ಟ್ರಿಬ್ಯೂಟರ್ ಮತ್ತು ಅದರ ಪೆಡೆಸ್ಟಲ್ ಅಲುಗಿಸಬೇಡಿ. ಟ್ಯಾಕೋಮೀಟರ್ ಕೇಬಲ್ ಕೂಡ ಡಿಸ್ಟ್ರಿಬ್ಯೂಟರ್‌ನಿಂದಲೇ ಹೊರಡುತ್ತದೆ, ಅದು ಹಾಗೇ ಇರಲಿ.

ಮ್ಯಾನಿಫೋಲ್ಡ್: ಗಾಳಿ ಸೋರುವ ಜಾಗ

ಈ ಎಂಜಿನ್ನಿನಲ್ಲಿ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಬದಿಗೆ ಇವೆ. ಎರಡೂ ಮ್ಯಾನಿಫೋಲ್ಡ್‌ಗಳು ಒಂದೇ ಗ್ಯಾಸ್ಕೆಟ್ ಹಂಚಿಕೊಳ್ಳುತ್ತವೆ, ನಡುವಿನ ಕ್ಲ್ಯಾಂಪ್‌ಗಳು ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯುತ್ತವೆ. ಹೊಸ ಇನ್‌ಲೆಟ್ ಮ್ಯಾನಿಫೋಲ್ಡ್‌ನ ಅಂಚು ಎಕ್ಸಾಸ್ಟ್‌ನ ಅಂಚಿಗಿಂತ ಅರ್ಧ ಮಿಲಿಮೀಟರ್ ತೆಳುವಾಗಿದ್ದರೂ ಕ್ಲ್ಯಾಂಪ್ ಓರೆಯಾಗಿ ಕೂರುತ್ತದೆ, ಒಂದು ಬದಿ ಮಾತ್ರ ಬಿಗಿಯಾಗುತ್ತದೆ. ಹೊರಗಿಂದ ನೋಡಿದರೆ ಎಲ್ಲ ಸರಿ. ಒಳಗೆ ಗಾಳಿ ಸೋರುತ್ತಿರುತ್ತದೆ.

ಆದ್ದರಿಂದ ಎರಡೂ ಮ್ಯಾನಿಫೋಲ್ಡ್ ಬೆಂಚ್ ಮೇಲಿಟ್ಟು, ಪ್ರತಿ ಕ್ಲ್ಯಾಂಪ್ ಜಾಗದಲ್ಲಿ ವರ್ನಿಯರ್‌ನಿಂದ ಅಂಚಿನ ದಪ್ಪ ಅಳೆಯಿರಿ. ವ್ಯತ್ಯಾಸ ಇದ್ದರೆ ಹೊಸ ಇನ್‌ಲೆಟ್ಟನ್ನೇ ಮಷೀನ್ ಮಾಡಿಸಿ, ಅಥವಾ ತೆಳು ಬದಿಗೆ ಉಕ್ಕಿನ ಶಿಮ್ ಕೊಡಿ. ಮೂಲದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆರೆಯಬೇಡಿ. ಮ್ಯಾನಿಫೋಲ್ಡ್‌ನ ಮುಖಕ್ಕೆ ಸ್ಕೇಲ್ ಇಟ್ಟು, ಬಾಗಿದೆಯಾ ಎಂದೂ ನೋಡಿ.

ಎಕ್ಸಾಸ್ಟ್ ಕೆಳಗೆ, ಕಾರ್ಬೊರೇಟರ್ ಅದರ ಮೇಲೆ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಫ್ಲೋಟ್ ಬಟ್ಟಲಿನ (ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಪೆಟ್ರೋಲ್ ಕುದಿಯಲು ಇಷ್ಟು ಸಾಕು. ಎಥನಾಲ್ ಬೆರೆತ ಪೆಟ್ರೋಲ್ ಇನ್ನೂ ಬೇಗ ಆವಿಯಾಗುತ್ತದೆ. ಎರಡು ರಕ್ಷಣೆ ಬೇಕು. ಮ್ಯಾನಿಫೋಲ್ಡ್ ಮತ್ತು ಕಾರ್ಬೊರೇಟರ್ ನಡುವೆ 6ರಿಂದ 8 ಮಿಮೀ ದಪ್ಪದ ಬೇಕಲೈಟ್ ಸ್ಪೇಸರ್. ಅದರ ಜೊತೆಗೆ ಕಾರ್ಬೊರೇಟರ್ ಕೆಳಗೆ ಪೂರ್ತಿ ಚಾಚಿದ ಹೀಟ್ ಶೀಲ್ಡ್. ನಾನು 1.5 ಮಿಮೀ ಅಲ್ಯೂಮಿನಿಯಂ ಹಾಳೆಯಲ್ಲಿ ಮಾಡಿಸಿದೆ. ವಿಜಯಪುರದಲ್ಲಿ ಗಾಡಿ ಇಟ್ಟುಕೊಂಡವರು ಇದನ್ನು ಮೊದಲ ದಿನವೇ ಹಾಕಿ, ಆಮೇಲೆ ನೋಡೋಣ ಅನ್ನಬೇಡಿ.

ಕೆಲವು ಮ್ಯಾನಿಫೋಲ್ಡ್‌ಗಳಲ್ಲಿ ಬಿಸಿ ನೀರು ಹರಿಯುವ ದಾರಿ ಇರುತ್ತದೆ. ಚಳಿ ದೇಶಕ್ಕೆ ಅದು ಬೇಕು. ನಾನು ಜೋಡಿಸಿಲ್ಲ. ಡಿಸೆಂಬರ್ ಬೆಳಿಗ್ಗೆ ಎರಡು ನಿಮಿಷ ಜಾಸ್ತಿ ಚೋಕ್ ಎಳೆಯಬೇಕು, ಅಷ್ಟೇ.

ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಪೈಪ್ ಹೊಸ ಮ್ಯಾನಿಫೋಲ್ಡ್‌ನಿಂದಲೇ ಕೊಡಬೇಕು, ನಡುವೆ ನಾನ್ ರಿಟರ್ನ್ ವಾಲ್ವ್ ಇರಲೇಬೇಕು. ಇದನ್ನು ಮರೆತರೆ ಮೊದಲ ಬ್ರೇಕ್‌ನಲ್ಲೇ ಗೊತ್ತಾಗುತ್ತದೆ, ಅದು ತಡ. ಎಂಜಿನ್ ಬ್ರೀದರ್ ಪೈಪ್ ಮೊದಲು ಗಾಳಿ ಡಬ್ಬಿಗೆ ಹೋಗುತ್ತಿತ್ತು. ಈಗ ಅದನ್ನು ಕಾರ್ಬೊರೇಟರ್‌ನ ಬ್ರೀದರ್ ಮೂತಿಗೋ ಏರ್ ಫಿಲ್ಟರ್ ಡಬ್ಬಿಗೋ ಕೊಡಿ, ಸುಮ್ನೆ ತೆರೆದು ಬಿಡಬೇಡಿ.

ಪೆಟ್ರೋಲ್ ಲೈನ್

ಹಳೆಯ ಪಂಪ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಸ್‌ಯು ಫ್ಲೋಟ್ ಸೂಜಿ (ಬಟ್ಟಲು ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ವಾಲ್ವ್) ತಡೆಯುವುದು ಸುಮಾರು 3 ಪಿಎಸ್‌ಐ ಮಾತ್ರ. 100ಕ್ಕೂ ಮೇಲಿನ ಒತ್ತಡ ಕೊಟ್ಟರೆ ಎರಡೂ ಬಟ್ಟಲು ಉಕ್ಕಿ, ಪೆಟ್ರೋಲ್ ನೇರ ಎಕ್ಸಾಸ್ಟ್ ಮೇಲೆ ಬೀಳುತ್ತದೆ. ಕಾರ್ಬೊರೇಟರ್‌ಗೆಂದೇ ಮಾಡಿದ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪ್ ತನ್ನಿ. ಅದನ್ನು ಟ್ಯಾಂಕಿನ ಹತ್ತಿರ, ಆದಷ್ಟು ಕೆಳಗೆ ಕೂರಿಸಿ. ಪಂಪ್ ಪೆಟ್ರೋಲನ್ನು ತಳ್ಳಬೇಕು, ಎಳೆಯಬಾರದು. ಎಂಜಿನ್ ಬದಿಯಲ್ಲಿ ಒಂದು ರೆಗ್ಯುಲೇಟರ್, ಅದಕ್ಕೊಂದು ಗೇಜ್. ಇಂಜೆಕ್ಷನ್ನಿನ ರಿಟರ್ನ್ ಪೈಪನ್ನು ಟ್ಯಾಂಕಿನ ಬದಿಯಲ್ಲಿ ಗಟ್ಟಿಯಾಗಿ ಮುಚ್ಚಿ. ಪಂಪ್‌ಗೆ ರಿಲೇ ಕೊಡಿ, ಅದರ ದಾರಿಯಲ್ಲಿ ಇನರ್ಷಿಯಾ ಸ್ವಿಚ್ ಇರಲಿ. ಅಪಘಾತವಾದರೆ ಪಂಪ್ ತಾನಾಗಿಯೇ ನಿಲ್ಲಬೇಕು.

ರಬ್ಬರ್ ಪೈಪಿನ ಬಗ್ಗೆ ಒಂದು ಘಟನೆ ಹೇಳುತ್ತೇನೆ. ಕೆಲಸ ಮುಗಿದು ಎರಡು ತಿಂಗಳಾಗಿತ್ತು. ತಿಲಕವಾಡಿಯ ಎರಡನೇ ರೈಲ್ವೆ ಗೇಟಿನಲ್ಲಿ ನಿಂತಿದ್ದೆ. ಗೂಡ್ಸ್ ಗಾಡಿ ಹೋಗುತ್ತಿತ್ತು. ಮೂಗಿಗೆ ಪೆಟ್ರೋಲ್ ವಾಸನೆ ಬಂತು. ಇಗ್ನಿಷನ್ ಆರಿಸಿ ಬಾನೆಟ್ ಎತ್ತಿದೆ. ಹಿಂದಿನ ಕಾರ್ಬೊರೇಟರ್‌ನ ಓವರ್‌ಫ್ಲೋ ಪೈಪಿನಿಂದ ಹನಿ ಹನಿಯಾಗಿ ಹೀಟ್ ಶೀಲ್ಡ್ ಮೇಲೆ ಬೀಳುತ್ತಿತ್ತು. ಬಿದ್ದ ಜಾಗದಲ್ಲಿ ಅಲ್ಯೂಮಿನಿಯಂ ಒದ್ದೆಯಾಗಿ, ಕಣ್ಣ ಮುಂದೆಯೇ ಒಣಗಿ, ಮತ್ತೆ ಒದ್ದೆಯಾಗುತ್ತಿತ್ತು. ಆ ಹಾಳೆ ಇಲ್ಲದಿದ್ದರೆ ಕೆಳಗಿರುವುದು ಕಾದ ಎಕ್ಸಾಸ್ಟ್. ಗಾಡಿಯನ್ನು ಪಕ್ಕಕ್ಕೆ ತಳ್ಳಿಸಿ, ತಣ್ಣಗಾದ ಮೇಲೆ ಬಟ್ಟಲು ತೆರೆದೆ. ತಳದಲ್ಲಿ ಕಾಫಿ ಗಸಿಯ ಹಾಗೆ ಕಪ್ಪು ಪುಡಿ. ಒಂದು ಕಣ ಸೂಜಿಯ ಕೆಳಗೆ ಸಿಕ್ಕಿಕೊಂಡಿತ್ತು. ಪೈಪ್ ಕತ್ತರಿಸಿ ಬೆರಳಿನಿಂದ ಒಳಗೆ ಉಜ್ಜಿದೆ. ಕೈಯೆಲ್ಲ ಕಪ್ಪು. ಅಂಗಡಿಯಲ್ಲಿ ಪೆಟ್ರೋಲ್ ಪೈಪ್ ಎಂದೇ ಕೊಟ್ಟಿದ್ದರು, ನಾನೂ ಮೇಲಿನ ಅಕ್ಷರ ಓದದೆ ತಂದಿದ್ದೆ. ಎಥನಾಲ್ ಒಳಗಿನ ರಬ್ಬರನ್ನು ತಿಂದಿತ್ತು.

ಅಂದಿನಿಂದ ನಾನು ಹಾಕುವುದು 'ಎಸ್‌ಎಇ ಜೆ30 ಆರ್9' ಎಂದು ಮೈಮೇಲೆ ಅಚ್ಚಾಗಿರುವ ಪೈಪ್ ಮಾತ್ರ. ಅದರ ಒಳಪದರ ಎಥನಾಲ್ ತಡೆಯುತ್ತದೆ. ಫ್ಲೋಟ್ ಸೂಜಿಯೂ ವಿಟಾನ್ ತುದಿಯದೇ ಇರಲಿ. ಬೆಳಗಾವಿ, ಬಾಗಲಕೋಟೆಯ ಕಬ್ಬಿನಿಂದ ಆದ ಎಥನಾಲ್ ನಮ್ಮ ರೈತರಿಗೆ ಆದಾಯ ಕೊಡುತ್ತಿದೆ, ಅದು ಒಳ್ಳೆಯದೇ. 1973ರ ರಬ್ಬರ್‌ಗೆ ಮಾತ್ರ ಅದರ ಪರಿಚಯ ಇಲ್ಲ. ಇನ್ನೊಂದು ಮಾತು: ಎಥನಾಲ್ ನೀರು ಹೀರುತ್ತದೆ. ಮಳೆಗಾಲ ಪೂರ್ತಿ ಗಾಡಿ ನಿಲ್ಲಿಸುವುದಾದರೆ ಫ್ಲೋಟ್ ಬಟ್ಟಲುಗಳನ್ನು ಖಾಲಿ ಮಾಡಿಡಿ.

ಕಾರ್ಬೊರೇಟರ್ ಸಿದ್ಧಪಡಿಸುವುದು

ಗಾಡಿಗೆ ಕೂರಿಸುವ ಮೊದಲು ಬೆಂಚ್ ಮೇಲೆ ಇಷ್ಟು ಮಾಡಿ. ಮೇಲಿನ ಗುಂಬಜ್ ತೆಗೆದು, ಪಿಸ್ಟನ್ ಮತ್ತು ಗುಂಬಜ್‌ನ ಒಳಮೈಯನ್ನು ಪೆಟ್ರೋಲ್‌ನಲ್ಲಿ ತೊಳೆದು ಒರೆಸಿ. ಉಪ್ಪು ಕಾಗದ ತಾಗಿಸಬೇಡಿ. ಒಂದರ ಪಿಸ್ಟನ್ ಇನ್ನೊಂದರ ಗುಂಬಜ್‌ಗೆ ಹೋಗಬಾರದು, ಅವು ಜೋಡಿ. ಎರಡರ ಸ್ಪ್ರಿಂಗ್‌ಗೂ ಒಂದೇ ಬಣ್ಣ ಇರಬೇಕು. ಕೆಂಪು ಮೆತ್ತಗಿನದು, ಹಳದಿ ಅದಕ್ಕಿಂತ ಗಟ್ಟಿ. ಥ್ರಾಟಲ್ ಸ್ಪಿಂಡಲ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ ನೋಡಿ. ಕೈಗೆ ಆಟ ಗೊತ್ತಾದರೆ ಬುಷ್ ಹಾಕಿಸಲೇಬೇಕು. ಅಲ್ಲಿಂದ ಗಾಳಿ ಸೋರುವಾಗ ಎಷ್ಟು ಟ್ಯೂನ್ ಮಾಡಿದರೂ ಐಡಲ್ ನಿಲ್ಲುವುದಿಲ್ಲ. ಹಳೆಯ ಎಸ್‌ಯು ಕೊಂಡವರು ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಆಮೇಲೆ ಜೆಟ್ಟನ್ನು (ಪೆಟ್ರೋಲ್ ಬರುವ ಕೊಳವೆ) ಸೂಜಿಯ ನಡುವಿಗೆ ತರುವುದು. ಡ್ಯಾಂಪರ್ ತೆಗೆದು, ಪಿಸ್ಟನ್ನನ್ನು ಬೆರಳಿನಿಂದ ಪೂರ್ತಿ ಎತ್ತಿ ಬಿಡಿ. ಅದು ಜಾರಿ ಬಂದು ಸೇತುವೆಗೆ (ಜೆಟ್ ಸುತ್ತಲಿನ ಎತ್ತರದ ತಳ) 'ಟಕ್' ಎಂದು ಕೂರಬೇಕು. ಜೆಟ್ ಮೇಲಿದ್ದಾಗಲೂ ಕೆಳಗಿದ್ದಾಗಲೂ ಅದೇ ಶಬ್ದ ಬರಬೇಕು. ಮಂದ ಶಬ್ದ ಬಂದರೆ ಸೂಜಿ ಜೆಟ್ಟಿಗೆ ಉಜ್ಜುತ್ತಿದೆ ಎಂದರ್ಥ. ಜೆಟ್ ನಟ್ ಸಡಿಲಿಸಿ ಮತ್ತೆ ನಡುವಿಗೆ ತನ್ನಿ. ಸ್ಪ್ರಿಂಗ್ ಇರುವ ವಾಲುಸೂಜಿ ಆದರೆ ಈ ಕೆಲಸ ಇರುವುದಿಲ್ಲ.

ಕಡೆಗೆ ಜೆಟ್ಟನ್ನು ಸೇತುವೆಯ ಮಟ್ಟಕ್ಕೆ ತಂದು, ಅಲ್ಲಿಂದ ನಟ್ಟನ್ನು 12 ಮುಖ, ಅಂದರೆ ಎರಡು ಪೂರ್ತಿ ಸುತ್ತು ಕೆಳಗಿಳಿಸಿ. ಎಲ್ಲರೂ ಶುರು ಮಾಡುವ ಜಾಗ ಇದು. ಡ್ಯಾಂಪರ್‌ಗೆ 20 ಗ್ರೇಡ್ ಎಣ್ಣೆ, ಪಿಸ್ಟನ್ ರಾಡ್‌ನ ಬಾಯಿಯಿಂದ ಸುಮಾರು 13 ಮಿಮೀ ಮೇಲಿನವರೆಗೆ. ಬೈಕ್ ಅಂಗಡಿಯಲ್ಲಿ ಸಿಗುವ 20 ಗ್ರೇಡ್ ಫೋರ್ಕ್ ಆಯಿಲ್ ಚೆನ್ನಾಗಿ ನಡೆಯುತ್ತದೆ.

ಇಂಜೆಕ್ಷನ್ ಗಾಡಿಗೂ ಚೋಕ್ ಕೇಬಲ್ ಇತ್ತು. ಅದನ್ನೇ ಎರಡೂ ಜೆಟ್ ಒಟ್ಟಿಗೆ ಇಳಿಯುವ ಹಾಗೆ ಜೋಡಿಸಿ.

ಮೊದಲ ಸ್ಟಾರ್ಟ್, ನಂತರ ಬ್ಯಾಲೆನ್ಸ್

ಇಗ್ನಿಷನ್ ಮಾತ್ರ ಆನ್ ಮಾಡಿ, ಪಂಪ್ ಓಡಲಿ. ಐದು ನಿಮಿಷ ಟಾರ್ಚ್ ಹಿಡಿದು ಪ್ರತಿ ಜಾಯಿಂಟ್ ನೋಡಿ. ಒಣಗಿದ್ದರೆ ಮಾತ್ರ ಸ್ಟಾರ್ಟ್. ಟೈಮಿಂಗ್ (ಪ್ಲಗ್ ಕಿಡಿ ಹಾರುವ ಹೊತ್ತು) ಮೊದಲಿನ 11 ಡಿಗ್ರಿಗೇ ಇಟ್ಟು ಶುರು ಮಾಡಿದೆ. ಇ20ಯ ಆಕ್ಟೇನ್ 95 ಇರುವುದರಿಂದ 9.5ರ ಕಂಪ್ರೆಷನ್‌ಗೂ ನಾಕಿಂಗ್ ಬರಲಿಲ್ಲ.

ಎಂಜಿನ್ ಪೂರ್ತಿ ಕಾಯಲಿ. ಎರಡೂ ಕಾರ್ಬೊರೇಟರ್ ಜೋಡಿಸುವ ಕೊಂಡಿ ಸಡಿಲಿಸಿ. ಐಡಲ್ ಸ್ಕ್ರೂಗಳನ್ನು ತಾಗಿದ ಜಾಗದಿಂದ ಒಂದೂವರೆ ಸುತ್ತು ಒಳಗೆ ಕೊಟ್ಟು ಶುರು ಮಾಡಿ. ಏರ್‌ಫ್ಲೋ ಮೀಟರ್ ಇದ್ದರೆ ಎರಡೂ ಬಾಯಿಗೆ ಹಿಡಿದು ಒಂದೇ ಅಂಕಿ ಬರುವವರೆಗೆ ಸ್ಕ್ರೂ ತಿರುಗಿಸಿ. ಇಲ್ಲದಿದ್ದರೆ ಅರ್ಧ ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರ್ ಬಾಯಿಗೆ. ನನಗೆ ಸಹಾಯ ಮಾಡಿದ ಹಿರಿಯ ಮಿಸ್ತ್ರಿಗೆ ಮೀಟರ್ ಬೇಕಾಗಲಿಲ್ಲ. ಪೈಪ್ ಕಿವಿಗಿಟ್ಟು ಕಣ್ಣು ಮುಚ್ಚಿ, "ಹಿಂದಿಂದು ಹವಾ ಜಾಸ್ತಿ ಎಳ್ಯಾಕತ್ತೈತ್ರಿ" ಅಂದರು. ಮೀಟರ್ ಇಟ್ಟು ನೋಡಿದೆ, ಅವರು ಹೇಳಿದ್ದೇ ಸರಿ.

ಎರಡೂ ಸಮ ಆದ ಮೇಲೆ ಕೊಂಡಿ ಬಿಗಿಯಿರಿ. ಈಗ 1500 ಆರ್‌ಪಿಎಂನಲ್ಲಿ ಮತ್ತೊಮ್ಮೆ ಅಳೆಯಿರಿ. ಐಡಲ್‌ನಲ್ಲಿ ಸಮ ಇದ್ದು, ಇಲ್ಲಿ ಬೇರೆಯಾದರೆ ಒಂದು ಥ್ರಾಟಲ್ ಮೊದಲು ತೆರೆಯುತ್ತಿದೆ. ಆಕ್ಸಿಲರೇಟರ್ ಒತ್ತಿದಾಗ ಬರುವ ಜರ್ಕ್‌ಗೆ ಮುಕ್ಕಾಲು ಪಾಲು ಇದೇ ಕಾರಣ.

ಮಿಶ್ರಣಕ್ಕೆ ಎತ್ತುವ ಪಿನ್ ಇದೆ. ಅದರಿಂದ ಪಿಸ್ಟನ್ನನ್ನು ಒಂದು ಮಿಮೀಗಿಂತ ಸ್ವಲ್ಪ ಕಡಿಮೆ ಎತ್ತಿ. ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ಕುಸಿದು ನಿಲ್ಲುವ ಹಾಗಾದರೆ ಲೀನ್. ಕ್ಷಣಕ್ಕೆ ಸ್ವಲ್ಪ ಏರಿ ಮೊದಲಿನ ಜಾಗಕ್ಕೆ ಬಂದರೆ ಸರಿ. ನಟ್ ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ. ಕೆಳಗೆ ಹೋದರೆ ರಿಚ್, ಮೇಲೆ ಬಂದರೆ ಲೀನ್. ಎರಡೂ ಕಡೆ ಸಮವಾಗಿ ಮಾಡಿ.

ನಮ್ಮ ಎತ್ತರ, ನಮ್ಮ ಪೆಟ್ರೋಲ್

ಇಲ್ಲಿಂದ ಪುಸ್ತಕ ಬದಿಗಿಡಬೇಕು.

750 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಸುಮಾರು ಶೇ. 7 ಕಡಿಮೆ. ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ, ಅದರ ಅರ್ಧದಷ್ಟು ಮಾತ್ರ ಕಡಿಮೆಯಾಗುತ್ತದೆ. ಹಾಗಾಗಿ ಬೆಳಗಾವಿಯಲ್ಲಿ ಗಾಡಿ ತಾನಾಗಿಯೇ ಶೇ. 3ರಿಂದ 4ರಷ್ಟು ರಿಚ್ ಓಡುತ್ತದೆ.

ಇನ್ನೊಂದು ಬದಿಗೆ ಇ20. ಶುದ್ಧ ಪೆಟ್ರೋಲ್ ಒಂದು ಕೆಜಿ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಇ20ಗೆ ಸುಮಾರು 13.5 ಕೆಜಿ ಸಾಕು. ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಸುಮಾರು ಶೇ. 9ರಷ್ಟು ಜಾಸ್ತಿ ಬೇಕು. ಹಳೆಯ ಸೂಜಿಯಲ್ಲಿ ಅಷ್ಟು ಲೀನ್.

ಎರಡನ್ನೂ ಕೂಡಿ ಕಳೆದರೆ ಬೆಳಗಾವಿಯಲ್ಲಿ ಪುಸ್ತಕದ ಸೂಜಿ ಸುಮಾರು ಶೇ. 5ರಿಂದ 6 ಲೀನ್. ಐಡಲ್‌ನಲ್ಲಿ ಇದು ಗೊತ್ತಾಗುವುದಿಲ್ಲ, ನಟ್ ತಿರುಗಿಸಿ ಸರಿ ಮಾಡಿರುತ್ತೀರಿ. ಆದರೆ ಚೋರ್ಲಾ ಘಾಟ್ ಇಳಿದು ಪಣಜಿಗೆ ಹೋದರೆ ಎತ್ತರದಿಂದ ಸಿಗುತ್ತಿದ್ದ ರಿಚ್ ಹೋಗುತ್ತದೆ, ಎಥನಾಲ್‌ನ ಲೀನ್ ಪೂರ್ತಿ ಉಳಿಯುತ್ತದೆ. ಅಲ್ಲಿಂದ ವಾಪಸ್ ಘಾಟ್ ಏರುವಾಗ ಎಂಜಿನ್ ಮೇಲೆ ಭಾರ ಪೂರ್ತಿ, ಮಿಶ್ರಣ ಲೀನ್. ವಾಲ್ವ್ ಸುಡುವುದು ಇಂಥ ಕಡೆ. ಆದ್ದರಿಂದ ಬೆಳಗಾವಿಯ ಗಾಡಿಯನ್ನು ಬೆಳಗಾವಿಗೆ ತಕ್ಕಷ್ಟೇ ಅಲ್ಲ, ಒಂದು ಕೂದಲು ರಿಚ್ ಇಡಿ. ಎದ್ದು ಕಾಣುವಷ್ಟು ಪೆಟ್ರೋಲ್ ಜಾಸ್ತಿ ಕುಡಿಯುವುದಿಲ್ಲ.

ಬಾಗಲಕೋಟೆ, ವಿಜಯಪುರದವರಿಗೆ ಎತ್ತರ ಇದಕ್ಕಿಂತ ಕಡಿಮೆ, ಶಾಖ ಜಾಸ್ತಿ. 40 ಡಿಗ್ರಿ ಗಾಳಿ 15 ಡಿಗ್ರಿ ಗಾಳಿಗಿಂತ ಸುಮಾರು ಶೇ. 8 ಹಗುರ. ಅಲ್ಲಿ ಬೇಸಿಗೆಯ ಮಧ್ಯಾಹ್ನ ಟ್ಯೂನ್ ಮಾಡಿದ ಗಾಡಿ, ಡಿಸೆಂಬರ್ ಬೆಳಿಗ್ಗೆ ಲೀನ್ ಆಗುತ್ತದೆ. ಟ್ಯೂನಿಂಗ್‌ಗೆ ಬೆಳಿಗ್ಗೆ ಎಂಟರ ಹೊತ್ತು ಆರಿಸಿಕೊಳ್ಳಿ.

ಇದನ್ನೆಲ್ಲ ಅಂದಾಜಿನಲ್ಲಿ ಮಾಡಬೇಕಿಲ್ಲ. ಎಕ್ಸಾಸ್ಟ್ ಹೊಗೆ ನೋಡಿ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಲ್ಯಾಂಬ್ಡಾ ಸೆನ್ಸರ್ ತನ್ನಿ. ಅದರ ಬುಷ್ಷನ್ನು ಒಂದು ಬೇರೆ ಎಕ್ಸಾಸ್ಟ್ ಪೈಪಿಗೆ ವೆಲ್ಡ್ ಮಾಡಿಸಿ, ಮೂಲ ಪೈಪ್ ಎತ್ತಿಡಿ. ಗೇಜನ್ನು ಏರ್ ಫ್ಯುಯೆಲ್ ಅಂಕಿಯಲ್ಲಿ ಓದಬೇಡಿ, ಲ್ಯಾಂಬ್ಡಾದಲ್ಲಿ ಓದಿ. ಲ್ಯಾಂಬ್ಡಾ 1 ಅಂದರೆ ಪೆಟ್ರೋಲ್ ಉರಿಯಲು ಬೇಕಾದಷ್ಟೇ ಗಾಳಿ, ಅಂಕಿ ಇಳಿದಷ್ಟೂ ರಿಚ್. ಎಥನಾಲ್ ಎಷ್ಟಿದ್ದರೂ 1 ಅಂದರೆ 1. ನಾನು ಇಟ್ಟುಕೊಂಡ ಗುರಿ: ಐಡಲ್ 0.92, ಸಮವೇಗದಲ್ಲಿ 0.95ರ ಸುತ್ತ, ಪೂರ್ತಿ ಥ್ರಾಟಲ್‌ನಲ್ಲಿ 0.86ರಿಂದ 0.88.

ನನ್ನ ದಾರಿ ಹೀಗಿತ್ತು. ಊರಿನಿಂದ ಸುವರ್ಣಸೌಧದವರೆಗೆ ಹೆದ್ದಾರಿಯಲ್ಲಿ 80ರ ಸಮವೇಗ. ಆಮೇಲೆ ತಿರುಗಿ ಕಾಕತಿ ದಾಟಿ ವಂಟಮುರಿ ಘಾಟ್, ಟಾಪ್ ಗೇರ್‌ನಲ್ಲಿ ಏರು. ಪಕ್ಕದಲ್ಲಿ ಕೂತ ಗೆಳೆಯ ಗೇಜ್ ನೋಡಿ ಬರೆದುಕೊಳ್ಳಬೇಕು. ಓಡಿಸುವವರು ರಸ್ತೆ ಮಾತ್ರ ನೋಡಬೇಕು. ಪುಸ್ತಕದ ಸೂಜಿಯಲ್ಲಿ ಏರಿನ ಮೇಲೆ 0.94 ಬಂತು. ಗುರಿಗಿಂತ ಲೀನ್. ಸೂಜಿಯ ದಪ್ಪವನ್ನು ಪ್ರತಿ ಒಂದು ಅಷ್ಟಮಾಂಶ ಇಂಚಿಗೆ ಕೊಡುವ ಪಟ್ಟಿ ಇರುತ್ತದೆ. ಅದರಲ್ಲಿ ಮೊದಲ ಎರಡು ಅಳತೆ ಅದೇ ಇದ್ದು, ಮುಂದೆ ತೆಳುವಾಗುತ್ತ ಹೋಗುವ ಸೂಜಿ ಹುಡುಕಿದೆ. ಸೂಜಿ ತೆಳುವಾದಷ್ಟೂ ಪೆಟ್ರೋಲ್ ಜಾಸ್ತಿ. ಎರಡನೇ ಜೋಡಿಗೆ 0.90, ಮೂರನೆಯದಕ್ಕೆ 0.87. ಅಲ್ಲಿಗೆ ನಿಲ್ಲಿಸಿದೆ.

ಪ್ರತಿ ಏರಿನ ನಂತರ ಪ್ಲಗ್ ತೆಗೆದು ನೋಡುವ ಹಳೆಯ ಅಭ್ಯಾಸವನ್ನೂ ಬಿಡಬೇಡಿ. ಆರೂ ಪ್ಲಗ್ ತಿಳಿ ಕಂದು ಇರಬೇಕು. ಮುಂದಿನ ಮೂರು ಒಂದು ಬಣ್ಣ, ಹಿಂದಿನ ಮೂರು ಇನ್ನೊಂದು ಬಣ್ಣ ಆದರೆ ಕಾರ್ಬೊರೇಟರ್ ಬ್ಯಾಲೆನ್ಸ್ ತಪ್ಪಿದೆ. ಒಂದೇ ಒಂದು ಪ್ಲಗ್ ಬೆಳ್ಳಗಿದ್ದರೆ ಆ ಪೋರ್ಟಿನ ಹತ್ತಿರ ಗಾಳಿ ಸೋರುತ್ತಿದೆ, ಮತ್ತೆ ಮ್ಯಾನಿಫೋಲ್ಡ್ ಕ್ಲ್ಯಾಂಪ್ ನೋಡಿ.

ತೆಗೆದಿಟ್ಟ ಇಂಜೆಕ್ಷನ್

ಮೀಟರಿಂಗ್ ಯೂನಿಟ್‌ನ ಒಳಗೆ ತೆಳು ಮಷೀನ್ ಆಯಿಲ್ ಹನಿಸಿ, ಎಲ್ಲ ಮೂತಿಗೂ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಇಂಜೆಕ್ಟರ್‌ಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ, ನಂಬರ್ ಚೀಟಿ ಸಮೇತ ಡಬ್ಬಿಗೆ ಹಾಕಿ. ಫೋಟೋಗಳನ್ನು ಅಚ್ಚು ಹಾಕಿಸಿ ಅದೇ ಪೆಟ್ಟಿಗೆಯಲ್ಲಿಡಿ, ಫೋನ್ ಬದಲಾಗುತ್ತದೆ. ನಮ್ಮ ಮಳೆಗಾಲದ ತೇವ ಗೋಡೆಯಿಂದಲೂ ಬರುತ್ತದೆ, ಹಾಗಾಗಿ ಪೆಟ್ಟಿಗೆ ನೆಲದ ಮೇಲೆ ಬೇಡ, ಅಟ್ಟದ ಮೇಲಿರಲಿ. ನಾನು ವರ್ಷಕ್ಕೊಮ್ಮೆ ಮೇ ಕೊನೆಯಲ್ಲಿ ಅದನ್ನು ಇಳಿಸಿ, ಯೂನಿಟ್‌ನ ಶಾಫ್ಟನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ, ಎರಡು ಹನಿ ಎಣ್ಣೆ ಬಿಟ್ಟು ಮತ್ತೆ ಮುಚ್ಚಿಡುತ್ತೇನೆ.